ಬಿಳಿ ಕಾಗದ, ಬೆಚ್ಚಗಿನ ನೀರು

ಕೊಕುರಾ, 1996 ಜೂನ್ 16

ರೀ,

ಮಳೆ ಹಿಡಿಯಿತು, ಬಿದಿರು ಚಿಗುರಿತು ಎಂದೆಲ್ಲ ಶುರುಮಾಡುವುದು ನಿಮ್ಮ ಕೆಲಸ. ನಾನು ನೇರ ವಿಷಯಕ್ಕೆ ಬರುತ್ತೇನೆ. ಬರುವ ಮಾರ್ಚಿಗೆ ನಿಮಗೆ ನಿವೃತ್ತಿ. ಕಾರ್ಖಾನೆಯವರು ಫುಜಿಗೆ ವರ್ಗ ಮಾಡಿದ ಹನ್ನೊಂದು ವರ್ಷದ ಮೇಲೆ ಅಲ್ಲಿನ ಬಾಡಿಗೆ ಕೋಣೆ ಬಿಟ್ಟು ಈ ಮನೆಗೆ ಬರುತ್ತೀರಿ. ಅಷ್ಟರೊಳಗೆ ಕಕ್ಕಸು ಸರಿಮಾಡಿಸಬೇಕು. ಕುಕ್ಕರಗಾಲಿನಲ್ಲಿ ಕೂತರೆ ನನಗೆ ಏಳಲು ಗೋಡೆ ಹಿಡಿಯಬೇಕಾಗಿದೆ.

ನಿನ್ನೆ ನಲ್ಲಿ ಕೆಲಸದ ಮಿಝೊಕಾಮಿ ಬಂದು ನೋಡಿಹೋದ. ಕೂರುವ ಪೀಠ, ಅದಕ್ಕೆ ಬೆಚ್ಚಗಿನ ನೀರು ಚಿಮ್ಮಿಸಿ ತೊಳೆಯುವ ಏರ್ಪಾಡು. ನಾನು ಅರ್ಧ ದಿನ ದುಡಿಯುವ ಕಾರ್ಖಾನೆಯದೇ ಮಾಲು. ಬೆಳಗಿನಿಂದ ಮಧ್ಯಾಹ್ನದವರೆಗೆ ನೀರಿನ ಧಾರೆ ನೆಟ್ಟಗೆ ಬೀಳುತ್ತದೆಯೇ ಎಂದು ನೋಡುವವಳು ಮನೆಗೆ ಬಂದು ಕಾಗದದಲ್ಲಿ ಒರೆಸಿಕೊಳ್ಳುವುದು ನಾಚಿಕೆಗೇಡು.

ಮಿಝೊಕಾಮಿ ಕೇಳಿದ: "ಯಜಮಾನ್ರು ಒಪ್ಪಿದಾರಾ ಅಮ್ಮಾ? ಅವ್ರು ಪೇಪರ್ ಕಾರ್ಖಾನೆಯವ್ರಲ್ವಾ?"

"ಒಪ್ತಾರೆ ಬಿಡಪ್ಪ, ನೀನು ಅಳತೆ ತಗೋ" ಅಂದೆ. ಆದ್ದರಿಂದ ಒಪ್ಪಿಬಿಡಿ.

ನೀವು ಕಳಿಸಿದ ಒರೆಸುವ ಕಾಗದದ ಸುರುಳಿಗಳ ಪೆಟ್ಟಿಗೆ ತಲುಪಿತು. ಬೀರುವಿನಲ್ಲಿ ಜಾಗವಿಲ್ಲ. ಅರ್ಧವನ್ನು ಪಕ್ಕದ ಮನೆಯ ಹರಾಗುಚಿ ಅಮ್ಮನಿಗೆ ಕೊಟ್ಟೆ.

ತೊಮೋಯೆ

⁂

ಫುಜಿ, 1996 ಜೂನ್ 30

ತೊಮೋಯೆಗೆ,

ಎಡೆಬಿಡದ ಮಳೆಯಲ್ಲಿ ಫುಜಿ ಬೆಟ್ಟ ಹತ್ತು ದಿನದಿಂದ ಮುಖ ತೋರಿಸಿಲ್ಲ. ಟೀ ತೋಟಗಳು ತೊಯ್ದು ಕಪ್ಪಾಗಿವೆ. ನೀನು ಕ್ಷೇಮವೆಂದು ಭಾವಿಸುತ್ತೇನೆ.

ಪೀಠಕ್ಕೆ ನನ್ನ ತಕರಾರಿಲ್ಲ. ನೀರಿಗೆ ಇದೆ. ಫೋನಿನಲ್ಲಿ ಹೇಳೋಣವೆಂದರೆ ನಮ್ಮಿಬ್ಬರದೂ ಬರೀ ಹ್ಞೂಂ ಹ್ಞೂಂ ಆಗಿ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮೊದಲನೆಯದು, ನೀರಿನಲ್ಲಿ ತೊಳೆದ ಮೇಲೆ ಒದ್ದೆ ಒರೆಸುವುದು ಯಾವುದರಿಂದ? ಕಾಗದದಿಂದಲೇ. ಎರಡನೆಯದು, ಕರೆಂಟು ಹೋದರೆ ನಿನ್ನ ಪೀಠ ಬರೀ ಕುರ್ಚಿ. ಮೂರನೆಯದು ಮುಖ್ಯವಾದದ್ದು. ಕಾಗದ ಸುಳ್ಳು ಹೇಳುವುದಿಲ್ಲ. ಶುಚಿಯಾಯಿತೋ ಇಲ್ಲವೋ ಅದು ತೋರಿಸುತ್ತದೆ. ನೀರು ಏನನ್ನೂ ತೋರಿಸದೆ ಕೊಚ್ಚಿಕೊಂಡು ಹೋಗುತ್ತದೆ.

ಮೂವತ್ತು ವರ್ಷದಿಂದ ನಾನು ದೀಪದ ಕೆಳಗೆ ಕೂತು ಕಾಗದದಲ್ಲಿ ಕಲೆ ಹುಡುಕುತ್ತಿದ್ದೇನೆ. ಹಳೆ ಪತ್ರಿಕೆ, ಹಾಲಿನ ಡಬ್ಬಿ ಅರೆದು ಮಾಡಿದ ಕಾಗದದಲ್ಲಿ ಸಾಸಿವೆಯಷ್ಟು ಶಾಯಿ ಉಳಿದರೂ ಆ ಸುರುಳಿಯನ್ನು ತಿರುಗಿ ಅರೆಯಲು ಹಾಕಿಸುತ್ತೇನೆ. ಅಂಥದ್ದನ್ನು ನೀನು ಹರಾಗುಚಿ ಅಮ್ಮನಿಗೆ ಹಂಚುತ್ತಿದ್ದೀಯ.

ಊಟಕ್ಕೆ ಕೂತಾಗ ಜೊತೆ ಕೆಲಸದ ಮೋಚಿಝುಕಿಗೆ ನಿನ್ನ ಪತ್ರದ ವಿಷಯ ಹೇಳಿದೆ. "ಹೆಂಡ್ತಿ ನೀರಿನ ಕಡೆ, ಗಂಡ ಕಾಗದದ ಕಡೆ. ಒಳ್ಳೆ ಸಂಸಾರ ಕಣಯ್ಯ ನಿಂದು!" ಎಂದು ಅವನು ಅನ್ನ ನೆತ್ತಿಗೆ ಹತ್ತುವ ಹಾಗೆ ನಕ್ಕ.

ಇವಾವೊ

⁂

ಕೊಕುರಾ, 1996 ಜುಲೈ 20

ರೀ,

ನಿಮ್ಮ ಪತ್ರವನ್ನು ಕಾರ್ಖಾನೆಯ ಹೆಂಗಸರಿಗೆ ಓದಿ ಹೇಳಿದೆ. "ಕಾಗದ ಸುಳ್ಳು ಹೇಳಲ್ವಂತೆ! ತೊಮೋಯೆ ಅಕ್ಕ, ನಿಮ್ಮ ಯಜಮಾನ್ರು ಅದನ್ನ ಓದಿ ನೋಡ್ತಾರಾ?" ಎಂದು ಒಬ್ಬಳು ಕೇಳಿದಳು. ಅವಳಿಗೆ ನಾನು ಏನು ಉತ್ತರ ಕೊಡಲಿ?

ನಮ್ಮ ರಿಯೆ ಕೈಗೂಸಾಗಿದ್ದಾಗ ಅವಳನ್ನು ಬಚ್ಚಲಿನಲ್ಲಿ ಅಂಗೈ ಮೇಲೆ ಮಲಗಿಸಿ ಬೆಚ್ಚಗಿನ ನೀರಿನಲ್ಲಿ ತೊಳೆಯುತ್ತಿದ್ದವರು ಯಾರು? ನಾನಲ್ಲ, ನೀವು. ಮಗಳಿಗೆ ನೀರು, ಹೆಂಡತಿಗೆ ಕಾಗದ. ಇದು ಯಾವ ನ್ಯಾಯ?

ಒಂದು ಮಾತು ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಇಲ್ಲಿಗೆ ವರ್ಷಕ್ಕೆ ಎರಡು ಸಲ ಬರುತ್ತೀರಿ. ಬಂದಾಗ ನಾನು ಒಳ್ಳೆಯ ದಿಂಬು ತೆಗೆಯುತ್ತೇನೆ, ನೀವು ತಟ್ಟೆ ತೊಳೆದಿಡುತ್ತೀರಿ. ನೆಂಟರ ಹಾಗೆ ನಡೆದುಕೊಂಡು ಹನ್ನೊಂದು ವರ್ಷ ಜಗಳವಿಲ್ಲದೆ ಕಳೆದೆವು. ಮಾರ್ಚಿನ ಮೇಲೆ ನೀವು ನೆಂಟರಲ್ಲ. ಒಂದು ಕಕ್ಕಸನ್ನು ಹಂಚಿಕೊಳ್ಳಲಾಗದವರು ಒಂದು ಮನೆಯನ್ನು ಹೇಗೆ ಹಂಚಿಕೊಳ್ಳುವುದು ಎಂದು ನನಗೆ ಹೆದರಿಕೆ.

ಆಗಸ್ಟಿನಲ್ಲಿ ಹಿರಿಯರ ಒಬೋನ್ ಹಬ್ಬಕ್ಕೆ ಬಂದಾಗ ಕೂತು ಮಾತಾಡೋಣ.

ತೊಮೋಯೆ

⁂

ಫುಜಿ, 1996 ಆಗಸ್ಟ್ 25

ತೊಮೋಯೆಗೆ,

ಬಿಸಿಲು ಇನ್ನೂ ಇಳಿದಿಲ್ಲ. ಹಬ್ಬದಲ್ಲಿ ನಿನಗೆ ತೊಂದರೆ ಕೊಟ್ಟೆ. ಒಂದು ದಿನ ಮೊದಲೇ ಹೊರಟದ್ದು ಯಂತ್ರ ಕೆಟ್ಟಿದ್ದರಿಂದ, ಬೇರೇನೂ ಕಾರಣವಿಲ್ಲ.

ಕಕ್ಕಸಿನ ವಿಷಯ ಮಾತಾಡಲು ಆಗಲಿಲ್ಲ. ಮುಂದೆ ನೋಡೋಣ.

ಇವಾವೊ

⁂

ಕೊಕುರಾ, 1996 ಸೆಪ್ಟೆಂಬರ್ 8

ರೀ,

ಯಂತ್ರ ಕೆಟ್ಟರೆ ರಿಪೇರಿಯವರನ್ನು ಕರೆಯುತ್ತಾರೆ, ಕಲೆ ಹುಡುಕುವವನನ್ನಲ್ಲ. ಅಷ್ಟು ನನಗೂ ಗೊತ್ತು.

ಹಬ್ಬದಲ್ಲಿ ನಮ್ಮ ಅಣ್ಣ ದೂರದಿಂದ ನಿಮ್ಮನ್ನು ನೋಡಲೆಂದೇ ಬಂದಿದ್ದ. ನೀವು ಪತ್ರಿಕೆ ಹಿಡಿದು ಕಕ್ಕಸಿನಲ್ಲಿ ಬಾಗಿಲು ಹಾಕಿಕೊಂಡಿರಿ. ಅಣ್ಣ ಎರಡು ಲೋಟ ಬಾರ್ಲಿ ಟೀ ಕುಡಿದು, "ಭಾವನಿಗೆ ನಮ್ಮ ಮುಖ ನೋಡೋಕೆ ಇಷ್ಟ ಇಲ್ಲ ಅಂತ ಕಾಣುತ್ತೆ. ಹೋಗ್ಲಿ ಬಿಡು" ಅಂದು ಎದ್ದುಹೋದ. ನನಗೆ ತಲೆ ಎತ್ತಲಾಗಲಿಲ್ಲ. ನೀವು ಹೊರಗೆ ಬಂದು ಫ್ಯಾನಿನ ಮುಂದೆ ಮಲಗಿದಿರಿ. ಊಟವನ್ನೂ ಬಿಟ್ಟಿರಿ. ನನ್ನ ಅಡುಗೆ ಮರೆತುಹೋಗಿದೆಯೋ, ಬೇಡವಾಗಿದೆಯೋ?

ವರ್ಷದ ಕೊನೆಗೆ ಮಿಝೊಕಾಮಿಗೆ ಬಿಡುವಿಲ್ಲದಷ್ಟು ಕೆಲಸ. ಈಗಲೇ ಹೇಳಿಡಬೇಕಂತೆ. ನೀರೋ ಕಾಗದವೋ ಎಂದು ನಾನು ಈಗ ಕೇಳುತ್ತಿಲ್ಲ. ನಿಮಗೆ ಈ ಮನೆಗೆ ಬರಲು ಮನಸ್ಸಿದೆಯೇ ಇಲ್ಲವೇ? ಅದನ್ನು ಹೇಳಿ.

ತೊಮೋಯೆ

⁂

ಫುಜಿ, 1996 ಅಕ್ಟೋಬರ್ 6

ತೊಮೋಯೆಗೆ,

ಬರುತ್ತೇನೆ. ನೀರಿನ ಪೀಠವನ್ನೇ ಹಾಕಿಸು. ನೀನು ಹೇಳುವುದೇ ಸರಿ. ನೀರೇ ಒಳ್ಳೆಯದು.

ಇವಾವೊ

⁂

ಕೊಕುರಾ, 1996 ಅಕ್ಟೋಬರ್ 13

ರೀ,

ಪತ್ರ ಬಂದ ದಿನ ಗೆದ್ದೆನೆಂದು ಖುಷಿಯಾಗಿ ಹರಾಗುಚಿ ಅಮ್ಮನ ಮನೆಗೆ ಸಿಹಿಗೆಣಸು ಬೇಯಿಸಿಕೊಂಡು ಹೋದೆ. ಏನೋ ಸರಿಯಿಲ್ಲ ಅನ್ನಿಸಿ ಅರ್ಧ ತಿಂದೇ ಎದ್ದೆ. ಮನೆಗೆ ಬಂದು ಮತ್ತೆ ಓದಿದೆ.

ಬೆಟ್ಟಕ್ಕೆ ಮೊದಲ ಹಿಮ ಬಿತ್ತೋ ಇಲ್ಲವೋ ಬರೆದಿಲ್ಲ. ಮದುವೆಯಾದ ಮೇಲೆ ನೀವು ಒಂದು ಪತ್ರವನ್ನೂ ಹವಾಮಾನ ಬಿಟ್ಟು ಶುರುಮಾಡಿದವರಲ್ಲ. ಇನ್ನು ಸೋಲುವುದು. ನೀವು ವಾದದಲ್ಲಿ ನನಗೆ ಸೋತದ್ದು ಎರಡೇ ಸಲ. ಹಸಿರು ಪರದೆ ಬೇಡವೆಂದು ವಾರವಿಡೀ ಹಟ ಹಿಡಿದವರು ಒಂದು ಬೆಳಿಗ್ಗೆ "ಹಸಿರೇ ಇರ್ಲಿ ಬಿಡೇ" ಅಂದಿರಿ. ಸಂಜೆಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ರಿಯೆಯ ಹೆಸರಿನ ಜಗಳದಲ್ಲಿ ಸೋತ ದಿನ ನಿಮಗೆ ನ್ಯುಮೋನಿಯಾ ಇತ್ತು.

ಮೈ ಸರಿಯಿದ್ದಾಗ ನೀವು ಯಾವತ್ತೂ ನನ್ನ ಮಾತು ಒಪ್ಪಿಲ್ಲ. ಹೇಳಿ, ಎಲ್ಲಿ ನೋವು?

ತೊಮೋಯೆ

⁂

ಫುಜಿ, 1996 ಅಕ್ಟೋಬರ್ 27

ತೊಮೋಯೆಗೆ,

ಬೆಟ್ಟದ ತುದಿ ಬೆಳ್ಳಗಾಗಿದೆ. ನೋವಿಲ್ಲ. ಅದೇ ಸಮಸ್ಯೆ. ನೋವಿದ್ದಿದ್ದರೆ ಹೋಗುತ್ತಿದ್ದೆ.

ಈ ವರ್ಷ ಏಪ್ರಿಲಿನಲ್ಲಿ ಚೆರ್ರಿ ಹೂ ಉದುರುವ ಹೊತ್ತಿಗೆ ಕಾಗದದಲ್ಲಿ ಮೊದಲು ಕೆಂಪು ಕಂಡೆ. ಸಾಸಿವೆಯಷ್ಟು. ಮೂಲವ್ಯಾಧಿ ಇರಬೇಕು ಅಂದುಕೊಂಡೆ. ದಿನವಿಡೀ ಕೂತೇ ಕೆಲಸ ಮಾಡುವವರಿಗೆ ಅದು ಬರುತ್ತದೆ, ಮೋಚಿಝುಕಿಗೂ ಇದೆ. ಆಮೇಲೆ ದಿನ ಬಿಟ್ಟು ದಿನ ಕಂಡಿತು. ನಿನಗೆ ಕಾಗದವೇ ಮೇಲು ಎಂದು ಉದ್ದುದ್ದ ಬರೆದಾಗಲೂ ಕಾಣುತ್ತಿತ್ತು. ಹಬ್ಬದಲ್ಲಿ ನಿಮ್ಮ ಅಣ್ಣ ಹೊರಗೆ ಕೂತಿದ್ದಾಗ ನನಗೆ ಎದ್ದು ಬರಲು ಆಗುತ್ತಿರಲಿಲ್ಲ. ಅವರಿಗೆ ನನ್ನ ಕ್ಷಮೆ ಹೇಳು.

ಸೆಪ್ಟೆಂಬರಿನಿಂದ ನಾನು ಕಾಗದ ನೋಡುವುದನ್ನು ಬಿಟ್ಟೆ. ಸ್ಟೇಷನ್ ಎದುರಿನ ಅಂಗಡಿ ಮಳಿಗೆಯ ಮೂರನೆಯ ಮಹಡಿಯಲ್ಲಿ ನಿಮ್ಮ ನೀರಿನ ಪೀಠವಿದೆ. ಕೆಲಸ ಮುಗಿಸಿ ಅಲ್ಲಿಗೆ ಹೋಗುತ್ತೇನೆ. ಗುಂಡಿ ಒತ್ತಿ, ಒರೆಸಿದ್ದನ್ನು ನೋಡದೆ ಒಳಗೇ ಬಿಟ್ಟು, ಮುಚ್ಚಳ ಹಾಕಿ ನೀರು ಬಿಡುತ್ತೇನೆ. ಕಣ್ಣಿಗೆ ಏನೂ ಬೀಳುವುದಿಲ್ಲ. ನೀರೇ ಒಳ್ಳೆಯದು ಎಂದು ಬರೆದದ್ದು ಅದಕ್ಕೇ.

ಕಾರ್ಖಾನೆಯ ವರ್ಷದ ಆರೋಗ್ಯ ತಪಾಸಣೆಯಲ್ಲಿ ಮಲ ಪರೀಕ್ಷೆಗೆ ಕಡ್ಡಿಯಲ್ಲಿ ಮಾದರಿ ಕೊಡಬೇಕಿತ್ತು. ಮರೆತೆ ಅಂದೆ. ಇನ್ನೈದು ತಿಂಗಳು ಹೇಗೋ ಕಳೆದರೆ ಮನೆಗೆ ಬಂದು ನೋಡಿಕೊಳ್ಳೋಣ ಎಂದಿತ್ತು. ಹನ್ನೊಂದು ವರ್ಷ ಕಾಯಿಸಿ ಕಾಯಿಲೆ ಹೊತ್ತುಕೊಂಡು ಬಂದೆನೆಂದು ಆಗಬಾರದಿತ್ತು.

ಇವಾವೊ

⁂

ಕೊಕುರಾ, 1996 ಅಕ್ಟೋಬರ್ 30

ಶನಿವಾರ ಮಧ್ಯಾಹ್ನ ಬರುತ್ತೇನೆ. ಸೋಮವಾರ ಸರಕಾರಿ ರಜೆ, ಮಂಗಳವಾರ ಆಸ್ಪತ್ರೆಗೆ ಹೋಗುತ್ತೇವೆ. ಮೋಚಿಝುಕಿಯವರಿಗೆ ಫೋನ್ ಮಾಡಿ ನಿಮಗೆ ರಜೆ ಹೇಳಿಸಿದ್ದೇನೆ. ಸಿಟ್ಟು ಎಷ್ಟು ಬಂದಿದೆಯೆಂದರೆ ಬರೆಯಲು ಕೈ ಬರುತ್ತಿಲ್ಲ. ತಪ್ಪಿಸಿಕೊಳ್ಳಬೇಡಿ.

ತೊಮೋಯೆ

⁂

ಕೊಕುರಾ, 1996 ನವೆಂಬರ್ 24

ರೀ,

ವಾಪಸು ಪ್ರಯಾಣ ಸುಖವಾಗಿತ್ತು. ಇಲ್ಲಿ ಗಿಂಕ್ಗೊ ಎಲೆಗಳು ಹಳದಿಯಾಗಿ ರಸ್ತೆ ತುಂಬಾ ಬಿದ್ದಿವೆ. ನೋಡಲು ಚೆನ್ನಾಗಿದೆ.

ಡಾಕ್ಟರು ನಿಮಗೆ ಹೇಳಿದ ಹಾಗೆ ಅದು ಹಟಮಾರಿ ಹುಣ್ಣು, ಅಷ್ಟೇ. ಜನವರಿಯಲ್ಲಿ ತೆಗೆದರೆ ಮುಗಿಯಿತು. ಆಮೇಲೆ ನನ್ನೊಬ್ಬಳನ್ನೇ ಪಕ್ಕದ ಕೋಣೆಗೆ ಕರೆದದ್ದು ಕಾಗದಪತ್ರಕ್ಕೆ ಸಹಿ ಹಾಕಿಸಲು. ನೀವು ಚೆನ್ನಾಗಿ ಊಟ ಮಾಡಿ, ಬೆಚ್ಚಗೆ ಇರಿ.

ಮಿಝೊಕಾಮಿಗೆ ಹೇಳಿಬಿಟ್ಟೆ, ನೀರಿನ ಏರ್ಪಾಡು ಬೇಡ, ಬರೀ ಪೀಠ ಸಾಕು ಎಂದು. ನೀವು ಹೇಳಿದ್ದು ನಿಜ. ಹೇಗೂ ಕೊನೆಗೆ ಒರೆಸಲು ಕಾಗದ ಬೇಕೇ ಬೇಕು. ನಿಮ್ಮ ಸುರುಳಿಗಳನ್ನು ಇನ್ನು ಯಾರಿಗೂ ಕೊಡುವುದಿಲ್ಲ.

ತೊಮೋಯೆ

⁂

ಫುಜಿ, 1996 ಡಿಸೆಂಬರ್ 1

ತೊಮೋಯೆಗೆ,

ನಿನ್ನ ಪತ್ರದಲ್ಲಿ ಗಿಂಕ್ಗೊ ಎಲೆ ಬಂದಿದೆ. ನೀನು ಸೋತಿದ್ದೀಯ. ಹಾಗಾದರೆ ಕ್ಯಾನ್ಸರ್.

ಮುಚ್ಚಿಡಬೇಡ. ಡಾಕ್ಟರುಗಳು ಹೆಂಡತಿಗೆ ಒಂದು, ಗಂಡನಿಗೆ ಒಂದು ಹೇಳುವುದು ನನಗೇನು ಹೊಸದಲ್ಲ. ನಮ್ಮಪ್ಪನಿಗೂ ಹಾಗೇ ಮಾಡಿದೆವು. ಅವರು ಹುಣ್ಣು ವಾಸಿಯಾಗುತ್ತದೆಂದು ನಂಬಿದವರ ಹಾಗೆ ನಟಿಸಿದರು, ನಾವು ಆ ನಟನೆಯನ್ನು ನಂಬಿದವರ ಹಾಗೆ ನಟಿಸಿದೆವು. ಕೊನೆಗೆ ಯಾರೂ ಅವರ ಹತ್ತಿರ ಒಂದು ನಿಜವಾದ ಮಾತನ್ನೂ ಆಡಲಿಲ್ಲ. ನನಗೆ ಹಾಗೆ ಆಗುವುದು ಬೇಡ. ಏನೆಂದರು ಎಂದು ಇದ್ದದ್ದು ಇದ್ದ ಹಾಗೆ ಬರೆ.

ಇವಾವೊ

⁂

ಕೊಕುರಾ, 1996 ಡಿಸೆಂಬರ್ 5

ರೀ,

ಹೌದು. ಕ್ಯಾನ್ಸರ್.

ಬೇರೆ ಕಡೆಗೆ ಹರಡಿದ ಹಾಗೆ ಕಾಣುವುದಿಲ್ಲ, ತೆಗೆದರೆ ಉಳಿಯುತ್ತಾರೆ ಎಂದರು. ಇದು ನಿಜ, ನಿಮ್ಮನ್ನು ಸಮಾಧಾನ ಮಾಡಲು ಬರೆಯುತ್ತಿಲ್ಲ. "ವಸಂತದಲ್ಲೇ ತೋರ್ಸಿದ್ರೆ ಇಷ್ಟು ದೊಡ್ಡದಾಗಿ ಕೊಯ್ಯೋದು ಬೇಕಾಗ್ತಿರ್ಲಿಲ್ಲವೇನೋ" ಎಂದೂ ಅಂದರು. ಅದನ್ನೂ ಬರೆಯುತ್ತಿದ್ದೇನೆ. ಇದ್ದದ್ದು ಇದ್ದ ಹಾಗೆ ಬೇಕು ಅಂದಿರಲ್ಲ.

ಗಡ್ಡೆ ತೀರಾ ಕೆಳಗೆ ಇದೆಯಂತೆ. ಅದಕ್ಕೆ ಕೆಳಗಿನ ದಾರಿಯನ್ನು ಪೂರ್ತಿ ಹೊಲಿದು ಮುಚ್ಚಿ, ಹೊಟ್ಟೆಯ ಎಡಗಡೆ ಕರುಳಿಗೆ ಒಂದು ಬಾಯಿ ತೆರೆಯುತ್ತಾರೆ. ಅಲ್ಲಿಗೆ ಚೀಲ ಅಂಟಿಸಿಕೊಳ್ಳಬೇಕು, ಜೀವ ಇರುವವರೆಗೆ. ನಾನು ಹ್ಞೂಂ ಹ್ಞೂಂ ಎಂದು ಕೇಳಿಸಿಕೊಂಡು ಹೊರಗೆ ಬಂದೆ. ಕೊಕುರಾಕ್ಕೆ ಮರಳಿ ಮನೆಯ ಬಸ್ಸಿನಲ್ಲಿ ಒಬ್ಬಳೇ ಕೂತ ಮೇಲೆ ಹೊಳೆಯಿತು, ಹಾಗಾದರೆ ಈ ಮನುಷ್ಯನಿಗೆ ಇನ್ನು ಕಾಗದವೂ ಬೇಡ, ನೀರೂ ಬೇಡ. ನಾವು ಬೇಸಿಗೆಯಿಡೀ ಜಗಳವಾಡಿದ್ದು ಯಾವುದಕ್ಕೆ? ನಗು ಬಂತು. ಆಮೇಲೆ ಅಳು ಬಂದು ನಿಲ್ಲಲೇ ಇಲ್ಲ. ಪಕ್ಕದಲ್ಲಿದ್ದ ಶಾಲೆಯ ಹುಡುಗಿ ಕರವಸ್ತ್ರ ಕೊಟ್ಟಳು.

ನಿಮ್ಮ ಮೇಲೆ ಸಿಟ್ಟಿದೆ. ನನ್ನ ಮೇಲೂ ಇದೆ. ಹಬ್ಬದಲ್ಲಿ ನೀವು ಊಟ ಬಿಟ್ಟದ್ದಕ್ಕೆ ನಾನು ನನ್ನ ಅಡುಗೆಯ ಮಾನ ನೋಡಿಕೊಂಡೆ, ನಿಮ್ಮ ಮುಖ ನೋಡಲಿಲ್ಲ.

ಆಪರೇಷನ್ನಿಗೆ ಮೊದಲೇ ಬರುತ್ತೇನೆ. ರಿಯೆಗೆ ಹೇಳಿದ್ದೇನೆ.

ತೊಮೋಯೆ

⁂

ಫುಜಿ, 1997 ಮಾರ್ಚ್ 2

ತೊಮೋಯೆಗೆ,

ಪ್ಲಮ್ ಹೂ ಮುಗಿಯುತ್ತಾ ಬಂತು. ಗಾಯ ಒಣಗಿದೆ. ಆಪರೇಷನ್ನಾದ ಮೇಲೆ ನೀನು ಇಲ್ಲಿ ಒಂದು ತಿಂಗಳು ಇದ್ದು ಮಾಡಿದ್ದಕ್ಕೆ ಸರಿಯಾಗಿ ಥ್ಯಾಂಕ್ಸ್ ಹೇಳಿಲ್ಲ. ಈಗ ಹೇಳುತ್ತೇನೆ.

ಚೀಲ ಬದಲಿಸಲು ನೀನು ಬಂದಾಗಲೆಲ್ಲ ನರ್ಸನ್ನು ಕರೆ ಎಂದು ನಿನ್ನನ್ನು ಹೊರಗೆ ಕಳಿಸುತ್ತಿದ್ದೆ. ಬೇಜಾರಾಗಿರಬೇಕು. ಈಗ ನಾನೇ ಬದಲಿಸಿಕೊಳ್ಳುತ್ತೇನೆ. ಆ ಬಾಯಿ ಉಪ್ಪಿನಲ್ಲಿ ಹಾಕಿದ ಪ್ಲಮ್ಮಿನ ಹಾಗೆ ಕೆಂಪಗಿದೆ. ಅದಕ್ಕೆ ಹಿಡಿತವಿಲ್ಲ, ತನಗೆ ಬೇಕೆಂದಾಗ ಕೆಲಸ ಮಾಡುತ್ತದೆ, ಬೇಕೆಂದಾಗ ಸದ್ದು ಮಾಡುತ್ತದೆ. ಮೊನ್ನೆ ಕಾರ್ಖಾನೆಯಲ್ಲಿ ಮ್ಯಾನೇಜರು ನನ್ನ ಬೀಳ್ಕೊಡುಗೆಯ ಭಾಷಣ ಮಾಡುವಾಗ ಜೋರಾಗಿ ಸದ್ದಾಯಿತು. ಎಲ್ಲರೂ ಮೇಜು ನೋಡಿದರು. ಮೋಚಿಝುಕಿ ಕುರ್ಚಿ ಎಳೆದು ಕರ್ ಎನ್ನಿಸಿ, "ಥೂ, ಈ ಹಾಳು ಕುರ್ಚಿ!" ಅಂದ. ಒಳ್ಳೆಯವನು. ಆದರೆ ಅವತ್ತು ನಿರ್ಧಾರ ಮಾಡಿದೆ.

ನಾನು ಇಲ್ಲೇ ಇರುತ್ತೇನೆ. ಆಸ್ಪತ್ರೆ ಹತ್ತಿರ, ಕೋಣೆಯ ಮಾಲೀಕರೂ ಒಪ್ಪಿದ್ದಾರೆ. ವಾಸನೆ, ಸದ್ದು, ಕೊಳೆ ಎಲ್ಲ ನನಗೊಬ್ಬನಿಗೇ ಇರಲಿ. ಹಬ್ಬಕ್ಕೆ ಮೊದಲಿನ ಹಾಗೆ ಬರುತ್ತೇನೆ. ನೀನು ಹೇಳಿದ್ದು ಸರಿ, ನೆಂಟರಾಗಿದ್ದಾಗ ನಾವು ಚೆನ್ನಾಗಿದ್ದೆವು. ಹೊಸ ಕಕ್ಕಸಿಗೆ ನಿನಗೆ ಬೇಕಾದ ನೀರನ್ನೇ ಹಾಕಿಸಿಕೋ. ಅದರಲ್ಲಿ ನನಗೆ ಇನ್ನು ಕೆಲಸವಿಲ್ಲ.

ಇವಾವೊ

⁂

ಕೊಕುರಾ, 1997 ಮಾರ್ಚ್ 9

ರೀ,

ನೀರು ಹಾಕಿಸಿ ಆಯಿತು. ನಿಮ್ಮನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಬೆಳಗಿನ ಚಳಿಯಲ್ಲಿ ಬೆಚ್ಚಗಿನ ಪೀಠದ ಮೇಲೆ ಕೂತಾಗ ಸ್ವರ್ಗ. ಆದರೆ ತೊಳೆಯುವ ಮೊದಲು ಒಂದು ಸಲ ನಿಮ್ಮ ಬಿಳಿ ಕಾಗದದಲ್ಲಿ ಒರೆಸಿ, ಅದನ್ನು ನೋಡಿ, ಆಮೇಲೆ ಗುಂಡಿ ಒತ್ತುತ್ತೇನೆ. ಹರಾಗುಚಿ ಅಮ್ಮನಿಗೂ ಹಾಗೇ ಮಾಡಿ ಎಂದು ಹೇಳಿದ್ದೇನೆ. "ಅಯ್ಯೋ, ಅದನ್ನೇನು ನೋಡೋದು!" ಅಂದರು. ನೋಡಿ ಅಂದೆ, ನಮ್ಮ ಮನೆಯವರು ನೋಡಿಯೂ ಸುಮ್ಮನಿದ್ದರು ಅಂದೆ.

ಇನ್ನು ನಿಮ್ಮ ನಿರ್ಧಾರ. ಹೊಟ್ಟೆಗೆ ಚೀಲ ಹಾಕಿಕೊಂಡವರ ಸಂಘ ಈ ಊರಿನಲ್ಲೂ ಇದೆ. ಕಳೆದ ಭಾನುವಾರ ಹೋಗಿದ್ದೆ. ಟ್ರಾಮ್ ಓಡಿಸುತ್ತಿದ್ದ ಒಬ್ಬರು, ಎಂಬತ್ತು ದಾಟಿದವರು, ನಗುತ್ತಾ ಅಂಗಿ ಎತ್ತಿ ತೋರಿಸಿದರು. "ಯಜಮಾನ್ರು ನಾಚ್ಕೋತಾರಾ? ನಾನೂ ವರ್ಷಗಟ್ಲೆ ನಾಚ್ಕೊಂಡೆ. ಅಷ್ಟೊತ್ತಿಗೆ ನಮ್ಮಾಕೆ ಹೋಗ್ಬಿಟ್ಳು. ಈಗ ಯಾರ ಮುಂದೆ ನಾಚ್ಕೊಳ್ಳೋದು ಹೇಳಿ" ಅಂದರು. ಆಮೇಲೆ ಅವರು ನಗಲಿಲ್ಲ.

ಅವರು ಹೇಳಿಕೊಟ್ಟ ಹಾಗೆ ಮಿಝೊಕಾಮಿ ಕಕ್ಕಸಿನ ಗೋಡೆಗೆ ಸೊಂಟದ ಎತ್ತರಕ್ಕೆ ಒಂದು ಬೋಗುಣಿ, ಕೈಯಲ್ಲಿ ಹಿಡಿಯುವ ಬಿಸಿನೀರಿನ ಕೊಳವೆ ಕೂರಿಸಿದ್ದಾನೆ. ನಿಂತುಕೊಂಡೇ ಚೀಲ ಖಾಲಿ ಮಾಡಿ ತೊಳೆಯಬಹುದು. ನಿಮ್ಮ ಎತ್ತರ ನನಗೆ ಸರಿಯಾಗಿ ನೆನಪಿರಲಿಲ್ಲ. ನಿಮ್ಮ ಹಳೆಯ ಪ್ಯಾಂಟನ್ನು ಗೋಡೆಗೆ ಹಿಡಿದು ಗುರುತು ಹಾಕಿದೆವು. ಗಂಡನ ಎತ್ತರ ಮರೆತುಹೋಗುವಷ್ಟು ದಿನ ದೂರ ಇದ್ದದ್ದು ಸಾಕು.

ಸದ್ದಾದರೆ ಆಗಲಿ. ನನ್ನ ಗೊರಕೆ ನೀವು ಹನ್ನೊಂದು ವರ್ಷದಿಂದ ಕೇಳಿಲ್ಲ, ಈಗ ಅದು ತುಂಬಾ ಜೋರಾಗಿದೆ. ವಾಸನೆ ಬಂದರೆ ಕಿಟಕಿ ಇದೆ. ನರ್ಸ್ ಮಾಡುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿ ಕಲಿತಿದ್ದೇನೆ, ನಿಮಗೆ ಕೈ ನಡುಗಿದ ದಿನ ನಾನು ಬದಲಿಸುತ್ತೇನೆ.

ರೀ, ನಾನು ಇಷ್ಟು ವರ್ಷ ಕಾದದ್ದು ನಿಮ್ಮ ಅಂಡಿಗಾಗಿ ಅಲ್ಲ. ನಿಮಗಾಗಿ. ಮನೆಗೆ ಬನ್ನಿ.

ತೊಮೋಯೆ

⁂

ಫುಜಿ, 1997 ಮಾರ್ಚ್ 16

ತೊಮೋಯೆಗೆ,

ಕೋಣೆ ಖಾಲಿ ಮಾಡುತ್ತೇನೆಂದು ಹೇಳಿದೆ. ಮಾರ್ಚ್ 31ರ ಬೆಳಿಗ್ಗೆ ಹೊರಡುತ್ತೇನೆ, ನಾಗೋಯಾದಲ್ಲಿ ರೈಲು ಬದಲಿಸಿ ಸಂಜೆಗೆ ಕೊಕುರಾ.

ಅಷ್ಟು ದೂರ ಈ ಚೀಲದ ಜೊತೆ ಒಬ್ಬನೇ ಬರಲು ಹೆದರಿಕೆಯಾಗುತ್ತಿದೆ. ಸ್ಟೇಷನ್ನಿಗೆ ಬಾ.

ಇವಾವೊ